ಹತ್ತು ಗಂಟೆಯ ವಿಶ್ರಾಂತಿ

"ಎತ್ತೋ, ಎಳೀಬೇಡ," ಎಂದ ಭಾವ, ಮಂಚದ ಆ ತುದಿಯಿಂದ.

ಎತ್ತಿದೆವು. ಗೋಡೆಯ ಆಚೆ ಲಾಡ್ಜಿನ ಜನರೇಟರ್ ಓಡುತ್ತಿತ್ತು. ಮಂಚವನ್ನು ಆ ಗೋಡೆಗೆ ಒತ್ತಿ ನಿಲ್ಲಿಸಿದ ಮೇಲೆ ಭಾವ ಕಬ್ಬಿಣದ ಸರಳಿನ ಮೇಲೆ ಅಂಗೈಯಿಟ್ಟು ನೋಡಿದ.

"ನಡುಗುತ್ತಾ?" ಎಂದೆ.

"ಲಾರಿ ನ್ಯೂಟ್ರಲ್ಲಲ್ಲಿ ನಿಂತ ಹಾಗಿದೆ. ನೋಡೋಣ."

ಲಾಡ್ಜಿನ ಮುದುಕಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನ್ರಪ್ಪಾ, ಬಂದು ಅರ್ಧ ಗಂಟೆ ಆಗಿಲ್ಲ, ಆಗ್ಲೇ ಸಂಸಾರ ಹೂಡ್ತಿದೀರಾ? ಆ ಗೋಡೆ ಸದ್ದು ಅಂತ ಎಲ್ಲರೂ ಓಡಿಹೋಗ್ತಾರೆ."

"ನಮ್ಮ ಭಾವನಿಗೆ ಸದ್ದೇ ಜೋಗುಳ ಅಜ್ಜೀ."

"ಮದುವೆ ಆದವರಿಗೆಲ್ಲ ಅಷ್ಟೇ ಬಿಡು," ಎಂದು ಬಕೆಟ್ ಇಟ್ಟು ಹೋದಳು.

ಐದು ದಿನದ ಹಾದಿ ನಮ್ಮದು. ಅರ್ಧ ದಾರಿಯ ಈ ನಗರದಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಲಾರಿ ನಿಲ್ಲಿಸಲೇಬೇಕು, ಅದು ಕಂಪನಿಯ ನಿಯಮ. ಉಳಿದ ಹೊತ್ತು ಒಬ್ಬ ಓಡಿಸುವುದು, ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗುವುದು. ಎರಡು ವರ್ಷದ ಹಿಂದೆ ಭಾವ ಹಾಗೆ ಮಲಗಿದ್ದಾಗ ಓಡಿಸುತ್ತಿದ್ದವನು ಅವನ ಸ್ವಂತ ತಮ್ಮ. ಎಚ್ಚರವಾದಾಗ ಲಾರಿ ಬಂಡೆಗೆ ಒರಗಿತ್ತು. ತಮ್ಮ ಸ್ಟೀರಿಂಗ್ ಬಿಟ್ಟಿರಲಿಲ್ಲ, ಉಸಿರು ಮಾತ್ರ ಬಿಟ್ಟಿದ್ದ.

ಅಂದಿನಿಂದ ಭಾವ ಯಾರ ಹಿಂದೆಯೂ ನಿದ್ದೆ ಮಾಡಿಲ್ಲ, ಅಲುಗದ ಮಂಚದ ಮೇಲೆ ಅವನಿಗೆ ನಿದ್ದೆ ಹತ್ತುವುದೂ ಇಲ್ಲ. ನನ್ನ ಪಾಳಿಯಲ್ಲೂ ಹಲಗೆಯ ಮೇಲೆ ಕಣ್ಣು ಬಿಟ್ಟುಕೊಂಡು, ಪ್ರತಿ ತಿರುವಿಗೆ ಮುಂಚೆ "ಬ್ರೇಕು" ಅನ್ನುತ್ತಾನೆ. ಇವತ್ತು ಬೆಳಿಗ್ಗೆ, ತನ್ನ ಪಾಳಿಯಲ್ಲಿ, ನೇರ ರಸ್ತೆಯಲ್ಲಿ, ಸ್ಟೀರಿಂಗ್ ಹಿಡಿದೇ ಗೊರಕೆ ಹೊಡೆದ. ಪಕ್ಕದಲ್ಲಿ ಕೂತಿದ್ದ ನಾನು ಸ್ಟೀರಿಂಗ್ ಎಳೆದು ತಿರುಗಿಸಿದೆ. ಅಲ್ಲಿಂದ ನಗರದವರೆಗೆ ನಾನೇ ಓಡಿಸಿದೆ. ನಗರ ದಾಟಿದರೆ ಅರವತ್ತು ಕಿಲೋಮೀಟರ್ ಬೆಟ್ಟದ ಇಳಿಜಾರು, ಪಾಳಿ ಅವನದು.

ಹನ್ನೊಂದಾದರೂ ಅವನು ಸೂರು ನೋಡುತ್ತಲೇ ಇದ್ದ. ಕಿಟಕಿಗೆ ಕಂಬಳಿ ಕಟ್ಟಿದೆ. ಬಿಸಿನೀರಲ್ಲಿ ಕಾಲಿಡಿಸಿದೆ.

"ನನ್ನನ್ನೇನು ಬಾಣಂತಿ ಮಾಡ್ತೀಯೇನೋ," ಎಂದು ಎದ್ದು ಕೂತ.

"ನಡಿ, ಊರು ಸುತ್ತೋಣ. ಸುಸ್ತಾದ್ರೆ ತಾನೇ ಬರತ್ತೆ."

ಚೆಂದದ ಊರು. ರಸ್ತೆಯುದ್ದ ನೆರಳು, ಕೊಳದ ಸುತ್ತ ಬೆಂಚುಗಳು. ಒಬ್ಬ ಮುಖದ ಮೇಲೆ ಪೇಪರ್ ಹಾಕಿಕೊಂಡು ಮಲಗಿದ್ದ. ಹಸಿದವನು ಇನ್ನೊಬ್ಬರ ತಟ್ಟೆ ನೋಡುವ ಹಾಗೆ ಭಾವ ಅವನನ್ನು ನೋಡಿದ.

ನನಗೆ ಹೊಳೆದದ್ದು ಸಿಟಿ ಬಸ್ಸು. ಕೊನೆಯ ಸ್ಟಾಪಿನವರೆಗೆ ಟಿಕೆಟ್ ತೆಗೆದು ಹಿಂದಿನ ಸೀಟಲ್ಲಿ, ಎಂಜಿನ್ನಿನ ಮೇಲೇ ಕೂರಿಸಿದೆ. ಮೂರನೇ ಸ್ಟಾಪಿಗೆ ಅವನ ಗಲ್ಲ ಎದೆಗೆ ಬಂತು. ತಲೆ ನನ್ನ ಹೆಗಲಿಗೆ ವಾಲಿತು. ಉಸಿರಾಡಲೂ ಹೆದರಿ ಕೂತೆ. ಇನ್ನೊಂದು ಗಂಟೆ, ಅಯ್ಯೋ, ಅರ್ಧ ಗಂಟೆಯಾದರೂ ಸಾಕು. ಆಗ ಸಿಗ್ನಲ್ ಹತ್ತಿರ ಬಸ್ಸು ನಿಧಾನವಾಯಿತು, ಅಷ್ಟೇ. ಭಾವನ ಬಲಗಾಲು ಎದ್ದು ನೆಲವನ್ನು ಒದೆಯಿತು. ಬೂಟಿನ ಸದ್ದಿಗೆ ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

"ಬ್ರೇಕು ಲೇಟಾಗಿ ಹಿಡಿದ," ಎಂದ ಭಾವ, ಡ್ರೈವರನ ಬೆನ್ನು ನೋಡುತ್ತ. ಮತ್ತೆ ಕಣ್ಣು ಮುಚ್ಚಲಿಲ್ಲ.

ಐದಕ್ಕೆ ಲಾರಿಯ ಹತ್ತಿರ ಬಂದೆವು. ಹಲಗೆಯ ಮೇಲೆ ನನ್ನ ಹೊದಿಕೆಯನ್ನೂ ಮಡಚಿ ಹಾಸಿದೆ.

"ಭಾವಾ, ಇಳಿಜಾರು ನಾನು ಇಳಿಸ್ತೀನಿ. ಎರಡನೇ ಗೇರಲ್ಲೇ ಹೋಗ್ತೀನಿ, ಎಷ್ಟು ಹೊತ್ತಾದ್ರೂ ಆಗಲಿ. ನಿದ್ದೆ ಬರದಿದ್ರೆ ಬೇಡ, ಸುಮ್ನೆ ಬಿದ್ಕೋ. ಅಕ್ಕನ ಮುಖ ನೋಡಿಯಾದ್ರೂ."

ಅವನು ಡ್ರೈವರ್ ಬಾಗಿಲು ತೆಗೆದು ಹತ್ತಿ ಕೂತ. ಕನ್ನಡಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡ.

"ಮಲಗಲ್ಲ," ಎಂದ.