ಟಾರ್ಚ್ ಹಿಡಿದವಳು

"ಸ್ಪ್ಯಾನರ್ ಕೆಳಗಿಡಿ ಅತ್ತಿಗೆ! ಒಳಗೆ ಅಣ್ಣ ಹೆಣವಾಗಿ ಮಲಗಿದಾನೆ, ನೀವಿಲ್ಲಿ ಕಾರು ಬಿಚ್ಕೊಂಡು ನಿಂತಿದೀರಾ? ನೋಡಿದವ್ರು ಏನಂತಾರೆ?"

ಮೈದುನ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದರೂ ಆಕೆ ತಲೆಯೆತ್ತಲಿಲ್ಲ. ಎಂಜಿನ್ನಿಗೆ ಪೆಟ್ರೋಲು ಊಡಿಸುವ ಕಾರ್ಬ್ಯುರೇಟರಿನ ಮುಚ್ಚಳ ಕೈಗೆ ಬಂದಿತ್ತು. ಸೋರಿದ ಪೆಟ್ರೋಲಿನಿಂದ ಕಾರಿನಡಿ ಹಾಸಿದ್ದ ರಟ್ಟು ತೊಯ್ದು ತೊಪ್ಪೆಯಾಗಿತ್ತು.

"ಏನಾದ್ರೂ ಅಂದ್ಕೊಳ್ಳಲಿ. ಸ್ಮಶಾನಕ್ಕೆ ಅವರ ಹಿಂದೆ ನಾನು ಇದರಲ್ಲೇ ಹೋಗೋದು. ನಾನೇ ಓಡಿಸ್ಕೊಂಡು."

"ದಾರೀಲಿ ಬೆಂಕಿ ಹೊತ್ಕೊಂಡ್ರೆ ಇನ್ನೊಂದು ಹೆಣ ಹೊರಬೇಕಾಗತ್ತೆ. ಗುಜರಿಯವನಿಗೆ ಹೇಳಿದೀನಿ, ಸಂಜೆ ಬಂದು ಎಳ್ಕೊಂಡು ಹೋಗ್ತಾನೆ."

"ಯಾರನ್ನ ಕೇಳಿ ಹೇಳಿದ್ರಿ?"

"ಅಣ್ಣನ ಕೈಲೇ ರಿಪೇರಿ ಆಗ್ಲಿಲ್ಲವಲ್ಲ..."

"ಯಾಕೆ ಆಗ್ಲಿಲ್ಲ ಅಂತ ನನಗೆ ಗೊತ್ತು."

*

ಗಂಡ ರೇಡಿಯೋ ರಿಪೇರಿಯವನು. ಮೂಕಾದ ಎಷ್ಟೋ ರೇಡಿಯೋಗಳಿಗೆ ಬಾಯಿ ಬರಿಸಿದವನು ಹೆಂಡತಿಯ ಮಾತಿಗೆ ಮಾತ್ರ ಕಿವಿಗೊಡಲಿಲ್ಲ. ರಜೆ ಬಂತೆಂದರೆ 'ಮುದುಕಿ'ಯ ಬಾನೆಟ್ ಎತ್ತುತ್ತಿದ್ದ. ಕಾರಿಗೆ ಅವನಿಟ್ಟ ಹೆಸರು ಅದು. ಕತ್ತಲೆ ಶೆಡ್ಡಿನಲ್ಲಿ ಆಕೆ ಟಾರ್ಚ್ ಹಿಡಿದು ನಿಲ್ಲಬೇಕು. ಪೆಟ್ರೋಲು ಸೋರತೊಡಗಿದಾಗ ಹೊಸ ವಾಷರ್ ಹಾಕಿದ, ಸ್ಕ್ರೂ ಬಿಗಿದ, ಮತ್ತೂ ಬಿಗಿದ.

"ರೀ, ಸಂದಿಯಿಂದಲ್ಲ, ತುಂಬಿ ಮೇಲಿಂದ ಉಕ್ತಿದೆ. ಒಳಗೆ ತೇಲತ್ತಲ್ಲ ಫ್ಲೋಟು, ಅದೇ ಮುಳುಗಿದ್ರೆ ಪೆಟ್ರೋಲ್ ನಿಲ್ಸೋರು ಯಾರು?"

"ನೀನು ಟಾರ್ಚ್ ನೆಟ್ಟಗೆ ಹಿಡಿಯೇ ಮಹಾತಾಯಿ. ವಯಸ್ಸಾದ್ಮೇಲೆ ಮುದುಕಿ ಬಾಯಿ ಸೋರಲ್ವಾ?"

ಆಕೆ ಟಾರ್ಚ್ ಆರಿಸಿ ಹೊರಟುಬಿಟ್ಟಳು. ಹಿಂದಿನಿಂದ ನಗು ಕೇಳಿತು. "ಲೇ, ಬಾರೇ. ನೀನಿಲ್ದೆ ನನಗೇನೂ ಕಾಣಲ್ಲ."

ವಾಪಸು ಬಂದಳು. ಆತ ಮತ್ತೆ ಸ್ಕ್ರೂ ಬಿಗಿದ.

*

ಹಿತ್ತಾಳೆಯ ಪುಟ್ಟ ಟೊಳ್ಳು ಡಬ್ಬಿಯಂತಿದ್ದ ಫ್ಲೋಟನ್ನು ಹೊರತೆಗೆದು ಆಕೆ, ಶೆಡ್ಡಿಗೆ ಬಂದ ಮಗಳ ಕಿವಿಯ ಬಳಿ ಅಲ್ಲಾಡಿಸಿದಳು.

"ಅಮ್ಮಾ, ಒಳಗೆ ಗುಳುಗುಳು ಅಂತಿದೆ!"

"ಪೆಟ್ರೋಲ್ ಕುಡ್ಕೊಂಡು ಕೂತಿದೆ ಕಳ್ಳ. ಒಂದು ಪಾತ್ರೇಲಿ ಕುದಿಯೋ ನೀರು ತಗೊಂಡು ಬಾ."

ಬಿಸಿನೀರಿಗಿಳಿಸಿದ್ದೇ ಒಂದು ಮೂಲೆಯಿಂದ ಸಣ್ಣ ಗುಳ್ಳೆಗಳೆದ್ದವು. ಸೂಜಿಮೊನೆಯಷ್ಟು ತೂತು. ನೀರು ಬದಲಿಸಿ, ಪೆಟ್ರೋಲಿನ ಕೊನೆಯ ಹನಿಯೂ ಹೋಯಿತೆಂದು ಖಾತ್ರಿಯಾದ ಮೇಲೆ ಒರೆಸಿಕೊಂಡು ಒಳಗೆ ನಡೆದಳು.

ಗಂಡನ ರಿಪೇರಿ ಮೇಜು ಅವನನ್ನು ಮಲಗಿಸಿದ್ದ ಕೋಣೆಯಲ್ಲೇ ಇತ್ತು. ಆಕೆ ಅವನ ಕುರ್ಚಿಯಲ್ಲಿ ಕೂತು ಸಾಲ್ಡರಿಂಗ್ ಐರನ್ ಕಾಯಿಸಿದಾಗ ಸಾವಿಗೆ ಬಂದವರೆಲ್ಲ ತಿರುಗಿ ನೋಡಿದರು. ಮೊಣಕೈಯನ್ನು ಮೇಜಿಗೆ ಒತ್ತಿಹಿಡಿದು ತೂತಿನ ಮೇಲೆ ಒಂದೇ ಒಂದು ಹನಿ ಸೀಸ ಬಿಟ್ಟಳು. ಆರಿದ ಮೇಲೆ ಫ್ಲೋಟನ್ನು ಗಂಡನ ಮುಖದೆದುರು ಹಿಡಿದಳು.

"ಫ್ಲೋಟು ರೀ, ಫ್ಲೋಟು! ಬಡ್ಕೊಂಡಿರ್ಲಿಲ್ವಾ ನಾನು?"

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಯಾರೋ ಹೆಂಗಸು "ಅಯ್ಯೋ ಪಾಪ, ತಲೆ ಕೆಟ್ಟಿದೆ" ಎಂದಳು.

"ಕೆಟ್ಟಿದ್ದು ಇದು," ಎಂದು ಫ್ಲೋಟು ತೋರಿಸಿ ಆಕೆ ಎದ್ದಳು.

ಹೆಣದ ವ್ಯಾನು ಬರುವ ಹೊತ್ತಿಗೆ ಎಲ್ಲ ಜೋಡಿಸಿ, ಕಾರಿನಡಿ ಹೊಸ ರಟ್ಟು ಹಾಸಿ, ಎಂಜಿನ್ ಓಡಲು ಬಿಟ್ಟಿದ್ದಳು. ಮೈದುನ ಬಗ್ಗಿ ಬಗ್ಗಿ ರಟ್ಟು ನೋಡುತ್ತಿದ್ದ. ಆಕೆ ಸ್ಟೀರಿಂಗ್ ಮುಂದೆ ಕೂತು ಪಕ್ಕದ ಬಾಗಿಲು ತೆರೆದಳು.

"ಹತ್ತಿ. ಟಾರ್ಚ್ ನೀವು ಹಿಡ್ಕೊಳ್ಳಿ."

ಹಾಡುಹಗಲಲ್ಲಿ ಟಾರ್ಚನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ಮುದುಕಿ ಒಮ್ಮೆ ಕೆಮ್ಮಿ, ವ್ಯಾನಿನ ಹಿಂದೆ ಬೀದಿಗಿಳಿಯಿತು.

ಶೆಡ್ಡಿನ ನೆಲದಲ್ಲಿ ಹೊಸ ರಟ್ಟು ಹಾಸಿದ ಹಾಗೇ ಇತ್ತು, ಒಂದು ಹನಿಯೂ ಸೋಕದೆ.