ತೆಗೆಯುವವರು: ಮನೋಹರ್

ಬಸ್ಸಿನಿಂದ ಶುರು ಮಾಡಬೇಕೋ, ಓವನ್‌ನಿಂದಲೋ ಎಂದು ಮೂರು ದಿನದಿಂದ ಕೂತಿದ್ದೇನೆ. ಬಸ್ಸಿನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಅಯ್ಯೋ ಎನ್ನುತ್ತೀರಿ. ಆಮೇಲೆ ನಾನು ಏನು ಬರೆದರೂ ಅಯ್ಯೋ ಎನ್ನುತ್ತಲೇ ಓದುತ್ತೀರಿ. ಅದು ಬೇಡ. ಓವನ್‌ನಿಂದಲೇ ಆಗಲಿ.

೧

ಹೊಸಪೇಟೆಯ ಒಂದು ಮನೆ. ಹೊಸ ಅಡುಗೆಮನೆ ಕಟ್ಟಿಸುವ ಮೊದಲೇ ಅದರೊಳಗೆ ಕೂರಬೇಕಾದ ಮೂರು ಯಂತ್ರಗಳು ಬಂದುಬಿಟ್ಟವು. ಒಂದು ಓವನ್, ಹಾಬ್ ಎನ್ನುವ ಗಾಜಿನ ಮೈಯ ಒಂದು ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಒಂದು ಡಿಶ್‌ವಾಷರ್. ಮೂರೂ ಕಟ್ಟೆಯೊಳಗೆ, ಕಪಾಟಿನೊಳಗೆ ಹುದುಗಿಸಿ ಕೂರಿಸುವಂಥವು. ಮುಖ ಮಾತ್ರ ಚೆಂದ, ಬೆನ್ನು ಪಕ್ಕೆಯೆಲ್ಲ ಬರೀ ತಗಡು.

ಬಡಗಿ ಮೌನೇಶ್ ಬರುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಗ್ಯಾರಂಟಿ ಮಾತ್ರ ಬಿಲ್ಲಿನ ದಿನದಿಂದಲೇ ಓಡತೊಡಗಿತ್ತು. ಅದನ್ನು ಸುಮ್ಮನೆ ಕಳೆಯಬಾರದೆಂದು ಮನೆಯ ಯಜಮಾನ ಮನೋಹರ್ ಮೂರನ್ನೂ ತಾತ್ಕಾಲಿಕವಾಗಿ ಜೋಡಿಸಿದ. ಹಳೆಯ ಗ್ಯಾಸ್ ಒಲೆ ಎಕ್ಸ್‌ಚೇಂಜಿನಲ್ಲಿ ಹೋಗಿತ್ತು. ಹಾಬ್ ಮೇಜಿನ ಮೇಲೆ ಜೋಡಿಸಿದ ಇಟ್ಟಿಗೆಗಳ ಮೇಲೆ ಕೂತಿತು, ಓವನ್ ಅಕ್ಕಿ ಡ್ರಮ್ಮಿನ ಮೇಲೆ. ಡಿಶ್‌ವಾಷರ್ ಹಾಲ್‌ನಲ್ಲಿ ನಿಂತು ಬಚ್ಚಲಿನಿಂದ ಪೈಪಿನಲ್ಲಿ ನೀರು ಕುಡಿಯಿತು. ಪಾತ್ರೆ ಜೋಡಿಸುವ ತಟ್ಟೆ ಹೊರಗೆಳೆದರೆ ಮುಗ್ಗರಿಸುತ್ತದೆಂದು ಅದರ ತಲೆಯ ಮೇಲೊಂದು ರುಬ್ಬುಗುಂಡು.

"ಲೇ ಮನೂ, ಇದೇನು ಅಡಿಗಿಮನಿನೋ, ಐಸಿಯೂನೋ?" ಎಂದಳು ಅವನ ತಾಯಿ ಎರ್ರಮ್ಮ. "ಪೈಪ್ ದಾಟಿ ದಾಟಿ ನನ್ನ ಮೊಣಕಾಲು ಹೋದ್ವು."

"ಟೆಂಪರ್ವರಿ ಬೇ ಯವ್ವಾ."

ಮನೋಹರ್ ಕುರೆಕುಪ್ಪದ ಹತ್ತಿರ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ತಾತ್ಕಾಲಿಕ ವೈರು ಎಳೆದರೆ ಹಳದಿ ಚೀಟಿ ಕಟ್ಟಬೇಕು. ಚೀಟಿಯಲ್ಲಿ ಹೆಸರಿರುವವನ ಹೊರತು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಮನೆಯಲ್ಲೂ ಮೂರಕ್ಕೂ ಕಟ್ಟಿದ. ತಾತ್ಕಾಲಿಕ. ಹಾಕಿದವರು: ಮನೋಹರ್. ತೆಗೆಯುವವರು: ಮನೋಹರ್.

೨

[ಇಲ್ಲಿ ಒಂದು ಪ್ರೇಮದ ಪ್ಯಾರಾ ಇತ್ತು. ಓವನ್ನಿನ ಹಳದಿ ಬೆಳಕು, ಉಬ್ಬುವ ಕೇಕು, ಗಂಡ ಹೆಂಡತಿ. ಸುಳ್ಳು. ಹೊಡೆದುಹಾಕಿದ್ದೇನೆ.]

"ರೊಟ್ಟಿದ್ದು ಬರಿ," ಎನ್ನುತ್ತಾನೆ ಮನೋಹರ್. ಪಾತ್ರಗಳು ಹೀಗೆ ನಡುವೆ ಬಾಯಿ ಹಾಕಬಾರದು. ಆದರೂ ಬರೆಯುತ್ತೇನೆ. ಜೋಳದ ರೊಟ್ಟಿ ತಟ್ಟಿ ಓವನ್‌ನಲ್ಲಿಟ್ಟ. ಹೊರಗೆ ಬಂದದ್ದನ್ನು ಎರ್ರಮ್ಮ ಮೇಜಿಗೆ ಕುಟ್ಟಿ ನೋಡಿದಳು.

"ಮಸ್ತ್ ಆಗ್ಯಾವು. ಬಚ್ಚಲಕ್ಕ ಟೈಲ್ಸ್ ಹಾಕಾಕ ಬರ್ತಾವ."

೩

ಕಾರ್ಖಾನೆಯ ಬಸ್ಸು, ಪಾಳಿ ಮುಗಿಸಿದ ಮನೋಹರ್. ಪಾಪಿನಾಯಕನಹಳ್ಳಿ ದಾಟುವಾಗ ಪಕ್ಕದವರು ಮಾತಾಡಿಸಿದ್ದಾರೆ, ಉತ್ತರಿಸಿದ್ದಾನೆ. ಹೊಸಪೇಟೆಯಲ್ಲಿ ಎಬ್ಬಿಸಿದ್ದಾರೆ, ಎದ್ದಿಲ್ಲ. ಹೃದಯ ಎಂದರು ಡಾಕ್ಟರು. ಮೂವತ್ತಮೂರು ವರ್ಷ.

ಇದನ್ನು ಐದು ಸಲ ಬರೆದೆ. ಐದೂ ಸಲ ಬಸ್ಸು ಸರಿಯಾದ ಸಮಯಕ್ಕೇ ಬಂತು.

೪

ಅವನ ಹೆಂಡತಿಗೆ ಶೈಲಶ್ರೀ ಎಂದು ಹೆಸರಿಟ್ಟಿದ್ದೇನೆ. [ನನ್ನ ಹೆಸರಲ್ಲ. ಬೇರೆ ಹೆಸರಿಟ್ಟರೆ ಸ್ವಲ್ಪ ದೂರ ನಿಂತು ನೋಡಬಹುದು.]

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಊಟ ನೆಂಟರ ಮನೆಗಳಿಂದ ಬರುತ್ತದೆ. ಹನ್ನೊಂದನೆಯ ದಿನ ಸೊಸೆಯ ತವರಿನವರು ಬಂದು ಒಲೆ ಹಚ್ಚಿಕೊಟ್ಟರೆ ದುಃಖದ ದಿನಗಳು ಮುಗಿದಂತೆ. ಇದು ಆ ಮನೆತನದ ಪದ್ಧತಿ. ಹಚ್ಚಲು ಬಂದವನು ಶೈಲಶ್ರೀಯ ಸೋದರಮಾವ ಜಂಬಪ್ಪ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವನು. ಅವನ ಎದುರಿಗೆ ಇಟ್ಟಿಗೆಯ ಮೇಲೆ ಗಾಜಿನ ಹಾಬ್. ಎಡಗೈಯಲ್ಲಿ ಬೆಂಕಿಪೊಟ್ಟಣ ಹಿಡಿದು, ಪದ್ಧತಿಯಂತೆ ಒಲೆಗೆ ವಿಭೂತಿ ಹಚ್ಚಲು ಬಗ್ಗಿದ. ಎಲ್ಲಿ ಹಚ್ಚುವುದು? ಉರಿ ತಿರುಗಿಸುವ ಗುಬ್ಬಿಗೆ ಹಚ್ಚಿದ. ಬೆರಳು ಒತ್ತಿತು, ಗುಬ್ಬಿ ತಿರುಗಿತು. ಟಿಕ್ ಟಿಕ್ ಟಿಕ್, ಭಗ್!

"ಯಪ್ಪಾ! ನಾ ಹಚ್ಚಿಲ್ರೀ! ಅದ ಹತ್ಕೊಂತು!"

ಜಂಬಪ್ಪನ ಮೀಸೆಯ ಬಲತುದಿ ಸುರುಟಿತ್ತು. ಮನೆ ತುಂಬ ಜನ. ಆಗ ಎರ್ರಮ್ಮ ನಕ್ಕಳು. ಮಗನನ್ನು ಮಣ್ಣು ಮಾಡಿ ಹನ್ನೊಂದು ದಿನ, ಸೆರಗು ಬಾಯಿಗೊತ್ತಿಕೊಂಡು, ಭುಜ ಕುಣಿಸಿ ನಕ್ಕಳು. ನಗು ಮುಗಿದ ಮೇಲೆ ತೀರ್ಪು ಕೊಟ್ಟಳು.

"ಕಡ್ಡಿ ಗೀರಿಲ್ಲ. ಯಾರೂ ಹಚ್ಚಿಲ್ಲ. ಇದು ನಡಿಯಂಗಿಲ್ಲ. ಹೊಟ್ಟಿಗೆ ಬೇಕಾದ್ದು ಇದರ ಮ್ಯಾಲೆ ಬೇಸ್ಕೋತೀವಿ, ಶಾಸ್ತ್ರಕ್ಕ ಇದು ಲೆಕ್ಕಿಲ್ಲ. ಹೊಸ ಅಡಿಗಿಮನಿ ಆಗ್ಲಿ ಜಂಬಪ್ಪ, ಮತ್ತ ಬಂದು ಹಚ್ಚು."

ಅಂದರೆ ಏನಾಯಿತು ನೋಡಿ. ಅಡುಗೆಮನೆ ಮುಗಿಯುವವರೆಗೆ ಸಾವೂ ಮುಗಿಯುವುದಿಲ್ಲ. ಚೀಟಿಗಳು ಇರುವವರೆಗೆ, ಅವನ್ನು ತೆಗೆಯಬೇಕಾದವನು ಎಲ್ಲೋ ಪಾಳಿಯಲ್ಲಿದ್ದಾನೆ.

ಹಾಗಾಗಿ ಶೈಲಶ್ರೀ ಐದು ತಿಂಗಳು ಮೌನೇಶನಿಗೆ ಸುಳ್ಳು ಹೇಳಿದಳು. ಶ್ರಾವಣ ಹೋಗಲಿ. ಅತ್ತೆಗೆ ಜ್ವರ. ಗ್ರಾನೈಟ್ ಬಣ್ಣ ಇನ್ನೂ ಗೊತ್ತಾಗಿಲ್ಲ. [ಹಂಪಿ ಪಕ್ಕದಲ್ಲಿರುವವರಿಗೆ ಅರ್ಧಕ್ಕೆ ನಿಂತ ಗೋಡೆಗಳ ಜೊತೆ ಬದುಕುವುದು ಕಷ್ಟವಲ್ಲ. ನಮ್ಮ ಮನೆಗೂ ಟಿಕೆಟ್ ಇಡಬಹುದಿತ್ತು.]

೫

ಇವತ್ತು ಮೌನೇಶ್ ಫೋನು ಮಾಡದೇ ಬಂದ. ಅಡುಗೆಕಟ್ಟೆಗೆಂದು ಅಳತೆಗೆ ಕೊಯ್ದ ಪ್ಲೈವುಡ್ ಹಲಗೆಗಳನ್ನು ಟೆಂಪೋದಿಂದ ಇಳಿಸಿದ.

"ಅಂಗಡ್ಯಾಗ ಜಾಗ ಇಲ್ರಿ ಅಕ್ಕಾರ. ನೆನದ್ರ ಉಬ್ಬತಾವ." ಒಂದು ಹಲಗೆಯನ್ನು ಶೈಲಶ್ರೀಯ ಪಕ್ಕದಲ್ಲಿ ನಿಲ್ಲಿಸಿ ತಲೆ ಕೆರೆದುಕೊಂಡ. "ನಿಮಗ ಎತ್ತರ ಆಗತೈತಿ."

"ಎಷ್ಟೈತಿ?"

"ಮೂವತ್ತೇಳು ಇಂಚು."

"ಯಾರು ಹೇಳಿದ್ದು?"

"ಅಣ್ಣಾರ. ಮೇಜಿನ ಮ್ಯಾಲೆ ಇಟ್ಟಿಗಿ ಇಟ್ಟು ಟ್ರಯಲ್ ನೋಡಿದ್ರಲ್ಲ. ಹೆಣ್ಮಕ್ಕಳಿಗೆ ಆಗಂಗಿಲ್ರಿ ಅಂದೆ. 'ಅಡಿಗಿ ಮಾಡೋನು ನಾನಪಾ, ಅಕಿ ಕುಂತು ಬರೀತಾಳ' ಅಂದ್ರು."

ಐದು ತಿಂಗಳು ಭುಜ ಎತ್ತಿಕೊಂಡು ಸಾರು ಕುದಿಸಿದ್ದೇನೆ. ತಾತ್ಕಾಲಿಕವಲ್ಲವೇ, ಅಳತೆ ತಪ್ಪಿರುತ್ತದೆ ಅಂದುಕೊಂಡಿದ್ದೆ. ತಪ್ಪಿರಲಿಲ್ಲ. ಅದು ಅವನ ಮೊಣಕೈಗೆ ಹೊಂದುವ ಎತ್ತರ. ನನಗೆ ಹೇಳಿರಲಿಲ್ಲ.

[ಶೈಲಶ್ರೀ ಎಂದು ಬರೆಯಬೇಕಿತ್ತು. ಬಿಡಿ.]

"ಐದು ಇಂಚು ಕೊಯ್ದರ ನಿಮ್ಮ ಅಳತಿಗೆ ಬರತೈತಿ," ಎಂದ ಮೌನೇಶ್. "ಒಂದು ತಾಸಿನ ಕೆಲಸ. ಆದ್ರ ಕೊಯ್ದ ಮ್ಯಾಲೆ ಮತ್ತ ಕೂಡ್ಸಾಕ ಬರಂಗಿಲ್ಲ. ಹೇಳಿಬಿಡ್ರಿ."

೬

ಮೊದಲ ಮುಕ್ತಾಯ: ಎರ್ರಮ್ಮ ಕಣ್ಣೊರೆಸಿಕೊಂಡು "ಹೋದವ ಬರಂಗಿಲ್ಲ, ಕೊಯ್ಯಪಾ" ಎನ್ನುತ್ತಾಳೆ.

"ನಾ ಯಾವಾಗ ಹಂಗ ಅಂದೆ?" ಎರ್ರಮ್ಮ ಜಗಳಕ್ಕೆ ನಿಂತಿದ್ದಾಳೆ. "ನನ್ನ ಬಾಯಾಗ ನಿನ್ನ ಮಾತು ಹಾಕಬ್ಯಾಡ. ಓದಿದಾಕಿ ಅಂತ ಬಿಟ್ರ ಭಾಳ ಆತು ನಿಂದು."

ಎರಡನೆಯ ಮುಕ್ತಾಯ: ಕಟ್ಟೆ ಮೂವತ್ತೇಳು ಇಂಚಿಗೇ ನಿಲ್ಲುತ್ತದೆ. ಶೈಲಶ್ರೀ ಮಣೆಯ ಮೇಲೆ ನಿಂತು ಬಾಳೆಲ್ಲ ಅಡುಗೆ ಮಾಡುತ್ತಾಳೆ. ಓದುಗರಿಗೆ ಇದು ಇಷ್ಟವಾಗುತ್ತದೆ. ನನಗೆ ಮಂಡಿ ನೋಯುತ್ತದೆ.

ಮೂರನೆಯದು: ಮನೋಹರ್ ಬಂದು ಹೇಳುತ್ತಾನೆ. ಕರೆದು ನೋಡಿದೆ. ರೊಟ್ಟಿಯ ವಿಷಯಕ್ಕೆ ಬಾಯಿ ಹಾಕಿದವನು ಇದಕ್ಕೆ ಉತ್ತರಿಸಲಿಲ್ಲ.

ನಡೆದದ್ದು ಇಷ್ಟು. ಎರ್ರಮ್ಮ ಬಂದು ಹಲಗೆಯ ಪಕ್ಕ ನಿಂತಳು. ಅದು ಅವಳ ಪಕ್ಕೆಲುಬಿಗೆ ಬಂತು. ಮೇಲಂಚಿನ ಮೇಲೆ ಅಂಗೈ ಆಡಿಸಿದಳು.

"ಎಷ್ಟೆತ್ತರ ಬೆಳೆದಿದ್ದ ನೋಡು," ಎಂದಳು. ಆಮೇಲೆ ಮೌನೇಶನಿಗೆ, "ನನ್ನ ಕೇಳಬ್ಯಾಡಪಾ. ನಾ ಎಷ್ಟು ದಿನ ಇರಾಕಿ? ಇನ್ನ ಇಲ್ಲಿ ನಿಂದ್ರಾಕಿ ಅಕಿ. ಅಕಿನ್ನ ಕೇಳು."

ಮೌನೇಶ್ ಮೂವತ್ತೆರಡಕ್ಕೆ ಪೆನ್ಸಿಲ್ ಗೆರೆ ಎಳೆದ. ಗರಗಸದ ಪ್ಲಗ್ ಹಾಕಿ, ಓಡುತ್ತದೋ ಇಲ್ಲವೋ ಎಂದು ಒಮ್ಮೆ ಓಡಿಸಿ ನೋಡಿದ. ಮನೆಯೆಲ್ಲ ನಡುಗುವ ಸದ್ದು. ಆ ಸದ್ದಿನ ನಡುವೆಯೇ ನಾನು ಹೇಳಿದೆ. ಒಂದೇ ಪದ: ಕೊಯ್ರಿ.

ಅವನು ಯಂತ್ರ ಆರಿಸಿ ನನ್ನ ಕಡೆ ತಿರುಗಿದ.

"ಏನಂದ್ರಿ ಅಕ್ಕಾರ? ಕೇಳಿಸಲಿಲ್ಲ."

ಅದನ್ನೀಗ ಎರಡನೆಯ ಸಲ ಹೇಳಬೇಕು.