ಬಿಸಿನೀರಿನ ತೊಟ್ಟಿ

"ಕೈ ತೆಗಿಯೇ ಮುಂಡೆ! ಕೆಸರು ಕೈಯಲ್ಲಿ ಗಡಿಗೆ ಹೊಲಸು ಮಾಡ್ತೀಯಲ್ಲ!"

ಗಡಿಗೆ ಜೋಡಿಸಿದ ಮುದುಕಿಯ ಸೊಸೆ ಕೈ ತೆಗೆಯಲಿಲ್ಲ. ಆ ಗಡಿಗೆಯ ಒಂದೊಂದು ಚೂರನ್ನೂ ಅಗೆದ ಮಣ್ಣಿನಿಂದ ಜರಡಿ ಹಿಡಿದು ಆರಿಸಿ, ಉಜ್ಜಿ ತೊಳೆದದ್ದು ಇದೇ ಕೆಸರು ಕೈ. ಬೈದವರು ಪ್ರಾಚೀನ ವಸ್ತುಗಳ ಸಂಘದ ಕಾರ್ಯದರ್ಶಿ. ನಾಲ್ಕು ಗಂಟೆಗೆ ದೊಡ್ಡ ಮನುಷ್ಯರು ಗಡಿಗೆ ನೋಡಲು ಬರುವವರಿದ್ದರು. ಹಾಗಾಗಿ ಅವರ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಗಡಿಗೆಯ ಮುಂದೆ ಹೊಸ ಚೀಟಿ. ಚೂರು ತುಂಬಿದ ಪೆಟ್ಟಿಗೆಗಳ ಮೇಲಿನ ಚೀಟಿ ನೋಡಿ ನೋಡಿಯೇ ಅಕ್ಷರ ಕಲಿತವಳು ಅದನ್ನು ಎರಡು ಸಲ ಓದಿದಳು. ಶೋಧನೆ, ಕಾರ್ಯದರ್ಶಿಗಳು. ಜೋಡಣೆ, ಕಾರ್ಯದರ್ಶಿಗಳು.

"ಅತ್ತೆ ಹೆಸರು ಹಾಕ್ತೀನಿ ಅಂದಿದ್ರಲ್ಲ ಸ್ವಾಮಿ? ಸಾಯೋಕ್ ಮುಂಚೆ ನಿಮ್ಮ ಬಾಯಿಂದಾನೇ ಕೇಳಿಸ್ಕೊಂಡಿತ್ತು ಮುದುಕಿ."

"ಸಾಯೋರ ಹತ್ರ ಇನ್ನೇನ್ ಹೇಳ್ಬೇಕಿತ್ತು? ಬೋಕಿ ಚೂರು ತೊಳೆಯೋರ ಹೆಸರು ಓದೋಕೆ ಜನ ಬರ್ತಾರೇನೇ? ನಾಳೆ ಕಸ ಗುಡಿಸೋಳೂ ಕೇಳ್ತಾಳೆ."

"ತೊಳ್ದಿದ್ದು ನಾನು. ಜೋಡ್ಸಿದ್ದು ಅವಳು."

"ನಾನ್ ಹೇಳ್ದಂಗೆ ಕೈಯಾಡ್ಸಿದ್ಲು, ಅಷ್ಟೆ. ಬಾಯ್ಮುಚ್ಕೊಂಡು ಧೂಳು ಒರೆಸು."

ಕಾರ್ಯದರ್ಶಿ ಕುರ್ಚಿ ಹಾಕಿಸಲು ಹೊರಗೆ ಹೋದರು.

ಅತ್ತೆ ಹಿಂದಿನ ಶೆಡ್ಡಿನಲ್ಲಿ ಆರು ವರ್ಷ ಕೂತಿದ್ದಳು. ಕೊನೆಯ ಎರಡು ವರ್ಷ ಕಣ್ಣೇ ಕಾಣುತ್ತಿರಲಿಲ್ಲ. ಗಡಿಗೆಯ ಒಳಮೈಯಲ್ಲಿ, ಅದನ್ನು ಮಾಡಿದವರು ಎಂದೋ ಒತ್ತಿದ ಹೆಬ್ಬೆರಳಿನ ಗುರುತುಗಳಿದ್ದವು. ಅವನ್ನು ತಡವಿ ತಡವಿ ಚೂರಿಗೆ ಚೂರು ಕೂಡಿಸುತ್ತಿದ್ದಳು. "ಹೆಂಗಸಿನ ಬೆರಳೇ ಕಣೇ ಇದು, ನನ್ ಬೆರಳು ಸರಿಯಾಗಿ ಕೂರುತ್ತೆ ನೋಡು" ಎಂದು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. ಜೋಡಣೆ ತಪ್ಪಿದರೆ ಬಿಸಿನೀರಿಗೆ ಇಳಿಸಬೇಕು, ಅಂಟು ಕರಗಿ ಚೂರು ಬಿಟ್ಟುಕೊಳ್ಳುತ್ತದೆ. ಹಾಗೆ ನಾಲ್ಕು ಸಲ ಬಿಚ್ಚಿ ಮತ್ತೆ ಕಟ್ಟಿದ್ದಳು, ಒಂದು ಸಲವೂ ಗೊಣಗಿರಲಿಲ್ಲ. ಅವಳು ಸತ್ತು ಇನ್ನೂ ತಿಂಗಳಾಗಿಲ್ಲ. ಹೆತ್ತ ತಾಯಿ ಹೋದಾಗಲೂ ಸೊಸೆ ಇಷ್ಟು ಅತ್ತಿರಲಿಲ್ಲ.

ಅವಳು ಗಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಹಿಂದಿನ ಶೆಡ್ಡಿಗೆ ನಡೆದಳು. ಬೋಕಿ ತೊಳೆಯುವ ತೊಟ್ಟಿಯಲ್ಲಿ ನೀರು ಹಬೆಯಾಡುತ್ತಿತ್ತು. ಮಗುವನ್ನು ಸ್ನಾನಕ್ಕೆ ಇಳಿಸುವ ಹಾಗೆ ಮೆಲ್ಲಗೆ ಇಳಿಸಿದಳು. ಮೊದಲು ಬಾಯಿ ಸಡಿಲವಾಯಿತು, ಆಮೇಲೆ ಕೊರಳು. ಹೊಟ್ಟೆ ಮಾತ್ರ ಬಹಳ ಹೊತ್ತು ಬಿಡಲಿಲ್ಲ. ಅತ್ತೆಯ ಆರು ವರ್ಷ ಕಣ್ಣೆದುರೇ ಕರಗುತ್ತಿತ್ತು. ಆದರೂ ಅವಳು ಕೈ ಮೇಲೆತ್ತಲಿಲ್ಲ.

"ಅಯ್ಯೋ ಲೌಡಿ! ಏನ್ ಮಾಡ್ದೆ?" ಕಾರ್ಯದರ್ಶಿ ಓಡಿ ಬಂದರು.

"ನೀವೇ ಜೋಡ್ಸಿದ್ದಲ್ವಾ ಸ್ವಾಮಿ. ಇನ್ನೊಂದ್ಸಲ ಜೋಡ್ಸಿ."

ಹೊರಗೆ ಗಾಡಿಗಳು ಬಂದು ನಿಂತ ಸದ್ದಾಯಿತು. ಕಾರ್ಯದರ್ಶಿ ಇಸ್ತ್ರಿ ಮಾಡಿದ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದರು. ಎರಡು ಚೂರು ಎತ್ತಿ ಒತ್ತಿದರು, ಕೂರಲಿಲ್ಲ. ತಿರುಗಿಸಿ ಒತ್ತಿದರು. ಬೇರೆ ಎತ್ತಿಕೊಂಡರು.

"ಮೊದಲ್ನೇ ಚೂರು ಯಾವ್ದೇ? ಬೊಗಳೇ!" ಆಮೇಲೆ ದನಿ ಇಳಿಯಿತು. "ಹೇಳಮ್ಮ..."

ಸೊಸೆ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಅತ್ತೇನ ಕೇಳಿ."